ಮಾದರಿಯನ್ನು ಕೊಳ್ಳುವ ಬದಲು ಒಂದು ಚಕ್ರ ಎರಕ ಹೊಯ್ಯಿಸೋಣ

ಬೋಧನಾ ಅಭ್ಯಾಸದ ವಾರಗಳು ಹತ್ತಿರ ಬಂದಾಗ ನಮ್ಮ ಪ್ರಶಿಕ್ಷಣಾರ್ಥಿಗಳಲ್ಲಿ ಹಲವರು ಮೊದಲು ಹೋಗುವುದು ಸ್ಟೇಷನರಿ ಅಂಗಡಿಗೆ. ಅಲ್ಲಿ ಥರ್ಮಾಕೋಲ್ ಮಾದರಿ ಸಿದ್ಧವಾಗಿಯೇ ಸಿಗುತ್ತದೆ. ಅದನ್ನು ಮೇಜಿನ ಮೇಲಿಟ್ಟು, ತೋರಿಸಿ, ಗಂಟೆ ಹೊಡೆದ ಮೇಲೆ ಮತ್ತೆ ಕವರಿಗೆ ಹಾಕಿಕೊಂಡು ಬರುತ್ತಾರೆ. ಮಕ್ಕಳು ಅದನ್ನು ಮುಟ್ಟಿರುವುದಿಲ್ಲ. ಆದರೂ ಅವಲೋಕನ ಪಟ್ಟಿಯ ‘ಬೋಧನೋಪಕರಣ’ ಕಾಲಂನಲ್ಲಿ ಅಂಕ ಬಿದ್ದಿರುತ್ತದೆ. ಈ ರೂಢಿ ಬದಲಾಗಬೇಕೆಂಬುದು ನನ್ನ ವಾದ. ಎಂಟನೇ ತರಗತಿಯ ಅನುಪಾತದ ಪಾಠಕ್ಕೆ ಮಾದರಿ ಕಾರಿನ ಒಂದೇ ಒಂದು ಬಿಡಿಭಾಗವನ್ನು ಮಕ್ಕಳೇ ಅಳೆದು, ಮಾಡಿ, ಎರಕ ಹೊಯ್ದರೆ ಸಾಕು.

ಮಾದರಿ ಕಾರು ಕಟ್ಟುವ ಹವ್ಯಾಸಿಗಳು ಕಿಟ್‌ನಲ್ಲಿ ಸಿಗದ ಭಾಗವನ್ನು ಪ್ಲಾಸ್ಟಿಕ್ ಹಾಳೆ, ತಂತಿಗಳಿಂದ ತಾವೇ ಮಾಡಿಕೊಳ್ಳುತ್ತಾರೆ. ಅದರ ಮೇಲೆ ಸಿಲಿಕೋನ್ ರಬ್ಬರ್ ಸುರಿದು ಅಚ್ಚು ತೆಗೆದು, ಎರಡು ದ್ರವ ಬೆರೆಸಿದ ರೆಸಿನ್ ಹೊಯ್ಯುತ್ತಾರೆ. ಒಂದು ಚಕ್ರ ಮಾಡಿದರೆ ನಾಲ್ಕು ಸಿಗುತ್ತವೆ.

ನಮ್ಮ ಪಾಠಕ್ಕೆ ಬೆಂಗಳೂರಿನದೇ ಕಾರು ಇದೆ: 2001ರಲ್ಲಿ ಮಾರುಕಟ್ಟೆಗೆ ಬಂದ ರೇವಾ ವಿದ್ಯುತ್ ಕಾರು. ಉದ್ದ 2,638 ಮಿ.ಮೀ.; ರಿಮ್ 13 ಇಂಚು, ಅಂದರೆ ಸುಮಾರು 330 ಮಿ.ಮೀ. ಹವ್ಯಾಸಿಗಳಲ್ಲಿ ರೂಢಿಯಲ್ಲಿರುವ 1:24ರ ಪ್ರಮಾಣದಲ್ಲಿ ಕಾರಿನ ಉದ್ದ 110 ಮಿ.ಮೀ. ಆಗುತ್ತದೆ, ರಿಮ್ 14 ಮಿ.ಮೀ. ಕೂಡ ಇರುವುದಿಲ್ಲ. ಮಕ್ಕಳ ಕೈಗೆ ಅದು ತೀರ ಚಿಕ್ಕದು. 1:10 ಆದರೆ ರಿಮ್ 33 ಮಿ.ಮೀ. ಯಾವ ಪ್ರಮಾಣ ಆರಿಸಬೇಕೆಂಬ ಚರ್ಚೆಯಲ್ಲೇ ಅರ್ಧ ಪಾಠ ನಡೆದುಹೋಗುತ್ತದೆ.

ರೆಸಿನ್ ಮಾತ್ರ ತರಗತಿಗೆ ಬೇಡ. ಪಾಲಿಯುರೆಥೇನ್ ರೆಸಿನ್ನಿನಲ್ಲಿರುವ ಐಸೋಸಯನೇಟ್ ಉಸಿರಾಟಕ್ಕೂ ಚರ್ಮಕ್ಕೂ ಒಳ್ಳೆಯದಲ್ಲ. ನಮಗೆ ಜೇಡಿಮಣ್ಣು ಮತ್ತು ಪ್ಲಾಸ್ಟರ್ ಆಫ್ ಪ್ಯಾರಿಸ್ ಸಾಕು. ರಟ್ಟಿನ ವೃತ್ತಗಳನ್ನು ಅಂಟಿಸಿ, ಬೆಂಕಿಕಡ್ಡಿಯ ಕಡ್ಡಿಗಳನ್ನಿಟ್ಟು ಮೂಲಚಕ್ರ ಮಾಡಬೇಕು. ಎಣ್ಣೆ ಸವರಿ ಮಣ್ಣಿನಲ್ಲಿ ನಾಲ್ಕು ಕಡೆ ಒತ್ತಿ, ಆ ಗುಳಿಗಳಿಗೆ ಪ್ಲಾಸ್ಟರ್ ಹೊಯ್ಯಬೇಕು. ಗಟ್ಟಿಯಾಗುವಾಗ ಪ್ಲಾಸ್ಟರ್ ಬಿಸಿಯಾಗುತ್ತದೆ. ಅದರಲ್ಲಿ ಯಾರೂ ಬೆರಳು ಅದ್ದದಂತೆ, ಪುಡಿ ಮೂಗಿಗೆ ಹೋಗದಂತೆ ನೋಡಿಕೊಳ್ಳಬೇಕು.

ಅಚ್ಚಿನ ತತ್ವ ನಮ್ಮ ಮಕ್ಕಳಿಗೆ ಹೊಸದಲ್ಲ. ಸಂಕ್ರಾಂತಿಯ ಸಕ್ಕರೆ ಅಚ್ಚು ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯ ಮಕ್ಕಳಿಗೆ ಗೊತ್ತು. ಮರದ ಅಚ್ಚನ್ನು ಮೊದಲು ನೀರಿನಲ್ಲಿ ನೆನೆಸುವುದೇಕೆ? ಪಾಕ ಅಂಟದಿರಲೆಂದು. ಅಚ್ಚಿಗೆ ಎರಡು ಹೋಳು ಏಕೆ? ಆನೆಯ ಸೊಂಡಿಲು ಮುರಿಯದೆ ಹೊರಬರಲೆಂದು. ಈ ಎರಡು ಪ್ರಶ್ನೆಗಳಿಂದ ಪಾಠ ಆರಂಭಿಸಬಹುದು. ಉತ್ತರ ಮಕ್ಕಳಿಂದಲೇ ಬರುತ್ತದೆ.

ಎರಕದ ದೊಡ್ಡ ಗುಣ ಇದು: ಮೂಲದಲ್ಲಿರುವ ತಪ್ಪು ಪ್ರತಿಯೊಂದು ಪ್ರತಿಯಲ್ಲೂ ಬರುತ್ತದೆ. ಒಂದು ಗುಂಪು ರಿಮ್ಮನ್ನು 36 ಮಿ.ಮೀ. ಮಾಡಿದರೆ ನಾಲ್ಕೂ ಚಕ್ರ ಅಷ್ಟೇ ಆಗುತ್ತವೆ; ನಿಜವಾದ ಕಾರಿನ ಲೆಕ್ಕದಲ್ಲಿ 30 ಮಿ.ಮೀ. ಹೆಚ್ಚಾಯಿತು. 264 ಮಿ.ಮೀ. ಉದ್ದಕ್ಕೆ ಬರೆದ ಕಾರಿನ ರಟ್ಟಿನ ಚಿತ್ರದ ಮೇಲೆ ಇಟ್ಟು ನೋಡಿದರೆ ಮಗುವಿಗೇ ಗೊತ್ತಾಗುತ್ತದೆ. ಶಿಕ್ಷಕರ ಕೆಂಪು ಶಾಯಿ ಬೇಕಾಗುವುದಿಲ್ಲ. ಸರಿಯಾಗಿ ಅಳೆಯಬೇಕೆಂಬ ಅಗತ್ಯ ಕೆಲಸದೊಳಗಿನಿಂದಲೇ ಹುಟ್ಟುತ್ತದೆ.

‘ಇಷ್ಟೆಲ್ಲ ಮಾಡಿಸಿದರೆ ಪಾಠಾಂಶ ಮುಗಿಯುವುದು ಯಾವಾಗ?’ ಎಂದು ಮಾರ್ಗದರ್ಶಕ ಶಿಕ್ಷಕರು ಕೇಳುವುದು ಸಹಜ. ಕಾರು ಪೂರ್ತಿ ಕಟ್ಟಬೇಕಿಲ್ಲ, ಚಕ್ರಕ್ಕೆ ಎರಡು ಅವಧಿ ಸಾಕು. ಉದ್ದ ಹತ್ತರಲ್ಲೊಂದಾದರೆ ಘನಫಲ ಸಾವಿರದಲ್ಲೊಂದು ಎಂಬ ಕ್ಷೇತ್ರಗಣಿತವೂ, ಪ್ಲಾಸ್ಟರ್ ಬಿಸಿಯಾಗುವ ರಸಾಯನವೂ ಅದೇ ಚಕ್ರದಲ್ಲಿವೆ. 6ರಿಂದ 8ನೇ ತರಗತಿಯವರಿಗೆ ಹತ್ತು ದಿನಗಳ ಬ್ಯಾಗ್‌ರಹಿತ ಅವಧಿಯನ್ನು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಹೇಳಿದೆ. ಹೃದಯದ ರಚನೆಯಂಥ ವಿಷಯಕ್ಕೆ ಅಂಗಡಿಯ ಮಾದರಿ ಇರಲಿ, ತೊಂದರೆಯಿಲ್ಲ. ಅಳತೆಯ ಪಾಠಕ್ಕೂ ಅದನ್ನೇ ತರುವುದು ಸರಿಯಲ್ಲ.

ಹವ್ಯಾಸಿಗಳಿಗೆ ತಿಳಿದ ಇನ್ನೊಂದು ಸಂಗತಿ ನಮಗೂ ಅನ್ವಯಿಸುತ್ತದೆ. ಎರಕದ ಪ್ರತಿಯಿಂದಲೇ ಮತ್ತೊಂದು ಅಚ್ಚು ತೆಗೆಯುತ್ತಾ ಹೋದರೆ ಗಾತ್ರ ಕುಗ್ಗುತ್ತದೆ, ಅಂಚು ಮಸುಕಾಗುತ್ತದೆ. ಹಿಂದಿನ ವರ್ಷದವರ ರೆಕಾರ್ಡಿನಿಂದ ಇಳಿಸಿಕೊಂಡ ಪಾಠ ಯೋಜನೆಯ ಗತಿಯೂ ಅದೇ. ಆದ್ದರಿಂದ ಬೋಧಕ ಮಿತ್ರರಲ್ಲಿ ನನ್ನ ಕೋರಿಕೆ ಚಿಕ್ಕದು: ಅವಲೋಕನ ಪಟ್ಟಿಯಲ್ಲಿ ‘ಉಪಕರಣ ಆಕರ್ಷಕವಾಗಿತ್ತೇ?’ ಎಂಬ ಪ್ರಶ್ನೆಯ ಜಾಗದಲ್ಲಿ ‘ಉಪಕರಣದಲ್ಲಿ ಮಕ್ಕಳು ಮಾಡಿದ್ದು ಏನು?’ ಎಂದು ಕೇಳೋಣ. ಅಂಕ ಯಾವುದಕ್ಕೆ ಬೀಳುತ್ತದೋ ಪ್ರಶಿಕ್ಷಣಾರ್ಥಿಗಳ ಸಿದ್ಧತೆ ಅತ್ತ ಹೊರಳುತ್ತದೆ.