ಚಿತ್ರ ಹೋಯಿತು, ಹಾಡು ಉಳಿಯಿತು: ಹಳೇ ಸಿನಿಮಾ ರೀಲು ಎಸೆಯುವ ಮುನ್ನ ಇದನ್ನು ಓದಿ

‘ಬಿಡುಗಡೆಯಾದ ಸಿನಿಮಾ ಎಲ್ಲೋ ಒಂದು ಕಡೆ ಭದ್ರವಾಗಿ ಇದ್ದೇ ಇರುತ್ತದೆ, ಹುಡುಕಿದರೆ ಸಿಗುತ್ತದೆ’ ಎಂದು ನಾವೆಲ್ಲ ಅಂದುಕೊಂಡಿದ್ದೇವೆ. ಇದು ನಿಜವೇ?

ಅಲ್ಲ. 1929ರಲ್ಲಿ ಅಮೆರಿಕದ ವಾರ್ನರ್ ಬ್ರದರ್ಸ್ ‘ಗೋಲ್ಡ್ ಡಿಗರ್ಸ್ ಆಫ್ ಬ್ರಾಡ್‌ವೇ’ ಎಂಬ ಹಾಡು-ಹಾಸ್ಯದ ಚಿತ್ರ ತೆರೆಗೆ ತಂದಿತು. ಅದು ಆಗಲೇ ಬಣ್ಣದ ಚಿತ್ರ! ಕೆಂಪು, ಹಸಿರು ಎರಡೇ ಬಣ್ಣ ಬಳಸುವ ಟೆಕ್ನಿಕಲರ್ ತಂತ್ರ. ಚಿತ್ರ ಭರ್ಜರಿಯಾಗಿ ಓಡಿತು. ಆದರೆ ಇಂದು ಉಳಿದಿರುವುದು ಕೊನೆಯ ಎರಡು ರೀಲುಗಳ ಬಹುಭಾಗ ಮತ್ತು ಕೆಲವು ಚೂರುಗಳು ಮಾತ್ರ. ವಿಚಿತ್ರವೆಂದರೆ, ಅದರ ಧ್ವನಿ ಉಳಿದುಕೊಂಡಿದೆ.

ಧ್ವನಿ ಉಳಿದದ್ದು ಹೇಗೆ?

ಆಗ ವಾರ್ನರ್ ಚಿತ್ರಗಳ ಧ್ವನಿ ರೀಲಿನ ಮೇಲೆ ಇರುತ್ತಿರಲಿಲ್ಲ. ‘ವೈಟಾಫೋನ್’ ಎಂಬ 16 ಇಂಚಿನ ಗ್ರಾಮಫೋನ್ ತಟ್ಟೆಯಲ್ಲಿ ಬೇರೆಯಾಗಿ ಬರುತ್ತಿತ್ತು. ಒಂದು ರೀಲಿಗೆ ಒಂದು ತಟ್ಟೆ, ಸುಮಾರು 11 ನಿಮಿಷ. ತಟ್ಟೆಗಳು ಬೀಳದೆ ಒಡೆಯದೆ ಇದ್ದರೆ ಹಲವು ದಶಕ ಬಾಳುತ್ತವೆ. ಈ ಚಿತ್ರದಲ್ಲಿ ನಿಕ್ ಲ್ಯೂಕಾಸ್ ಹಾಡಿದ ‘ಟಿಪ್‌ಟೋ ಥ್ರೂ ದ ಟ್ಯೂಲಿಪ್ಸ್’ ನಿಮಗೂ ಗೊತ್ತಿರಬಹುದು. 2010ರ ಹಾರರ್ ಚಿತ್ರ ‘ಇನ್ಸಿಡಿಯಸ್’ನಲ್ಲಿ ಅದೇ ಹಾಡು ಟೈನಿ ಟಿಮ್ ದನಿಯಲ್ಲಿದೆ.

ರೀಲು ಹಾಳಾದದ್ದು ಏಕೆ?

ಅಂದಿನ ರೀಲು ಸೆಲ್ಯುಲೋಸ್ ನೈಟ್ರೇಟ್‌ನದು. ಕಾಲ ಕಳೆದಂತೆ ಅದು ಅಂಟಂಟಾಗಿ, ಕೊನೆಗೆ ಪುಡಿಯಾಗುತ್ತದೆ. ಉರಿಯಲು ಬೇಕಾದ ಆಮ್ಲಜನಕ ಅದರೊಳಗೇ ಇರುವುದರಿಂದ ನೀರಿನಲ್ಲಿ ಮುಳುಗಿಸಿದರೂ ಬೆಂಕಿ ಆರುವುದಿಲ್ಲ. 2003ರಲ್ಲಿ ಪುಣೆಯಲ್ಲಿ ಇಂಥ ರೀಲುಗಳಿದ್ದ ಉಗ್ರಾಣಕ್ಕೆ ಬೆಂಕಿ ಬಿದ್ದು ಭಾರತದ ಅಪರೂಪದ ಹಳೇ ಚಿತ್ರಗಳು ನಾಶವಾದವು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ (1934) ಪ್ರತಿ ಕೂಡ ಇಂದು ಲಭ್ಯವಿಲ್ಲ.

ಸಂಗ್ರಾಹಕರು ಹುಡುಕುವುದೇನು?

ಇಂಥ ಚಿತ್ರದ ಒಂದು ನಿಮಿಷದ ಚೂರು ಸಿಕ್ಕರೂ ಅದನ್ನು ತಟ್ಟೆಯ ಧ್ವನಿಗೆ ಜೋಡಿಸಬಹುದು. ಬರೀ ಕೇಳುತ್ತಿದ್ದ ಹಾಡು ಆಗ ಬಣ್ಣದಲ್ಲಿ ಕಾಣುತ್ತದೆ. ಅವರ ಹುಡುಕಾಟ ಇದಕ್ಕಾಗಿ. ಹಾಗೆಂದು ಹಳೆಯದೆಲ್ಲ ಲಕ್ಷಾಂತರ ಬಾಳುವುದಿಲ್ಲ. ಬೇರೆ ಪ್ರತಿ ಇಲ್ಲದ ರೀಲಿಗಷ್ಟೇ ಬೆಲೆ.

ನಿಮ್ಮ ಅಟ್ಟದಲ್ಲಿ ರೀಲು ಸಿಕ್ಕರೆ?

• ಪ್ರೊಜೆಕ್ಟರ್‌ಗೆ ಹಾಕಿ ನೋಡಬೇಡಿ, ಬೆಂಕಿ ತಾಗಿಸಿ ಪರೀಕ್ಷಿಸಬೇಡಿ.
• ವಿನೆಗರ್ ವಾಸನೆ ಬಂದರೆ ಅದು ಅಸಿಟೇಟ್ ರೀಲು. ಸುಲಭವಾಗಿ ಹೊತ್ತಿಕೊಳ್ಳದು, ಆದರೆ ಹಾಳಾಗತೊಡಗಿದೆ ಎಂದರ್ಥ.
• ಬಿಸಿಲು, ಒಲೆಯಿಂದ ದೂರ, ತಂಪಾದ ಒಣ ಜಾಗದಲ್ಲಿಡಿ.
• ಗುಜರಿಗೆ ಹಾಕುವ ಮೊದಲು ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ ತಿಳಿಸಿ. ಅದು ಆ ಚಿತ್ರದ ಕೊನೆಯ ಪ್ರತಿಯೇ ಆಗಿರಬಹುದು.