ಅನ್‌ಇನ್‌ಸ್ಟಾಲ್ ಮಾಡಿದರೆ ಸಾಕೇ?

ಹೊಸ ಲ್ಯಾಪ್‌ಟಾಪ್ ಆನ್ ಮಾಡಿದರೆ, ಮದುವೆ ಮನೆಗೆ ಕರೆಯದೇ ಬಂದ ನೆಂಟರ ಹಾಗೆ ಒಂದಷ್ಟು ಪ್ರೋಗ್ರಾಂಗಳು ಮೊದಲೇ ಕುರ್ಚಿ ಹಿಡಿದು ಕೂತಿರುತ್ತವೆ. ಮೂವತ್ತು ದಿನದ ಆಂಟಿವೈರಸ್ಸು, ಆಟಗಳು, ಕಂಪನಿಯದೇ ಒಬ್ಬ "ಸಹಾಯಕ"... ಕೇಳಿದರೆ ನಮ್ಮ ಕನ್ನಡ ಸಂಘದ ಹುಡುಗರ ಉತ್ತರ ಒಂದೇ: "ಒಂದೊಂದಾಗಿ ಅನ್‌ಇನ್‌ಸ್ಟಾಲ್ ಮಾಡಿ ಅಂಕಲ್, ಸಾಕು."

ಸಾಕಾಗಲ್ಲ ಸ್ವಾಮಿ!

2014ರಲ್ಲಿ ಲೆನೊವೊ ತನ್ನ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಸೂಪರ್‌ಫಿಶ್ ಎಂಬ ಜಾಹೀರಾತಿನ ತಂತ್ರಾಂಶ ತುಂಬಿ ಮಾರಿತು. ಅದು ವಿಂಡೋಸ್ ಒಳಗೆ ತನ್ನದೇ ರೂಟ್ ಸರ್ಟಿಫಿಕೇಟ್ ಸೇರಿಸಿ, ನಿಮಗೂ ನಿಮ್ಮ ಬ್ಯಾಂಕಿನ ಸೈಟಿಗೂ ನಡುವೆ ಕೂರುತ್ತಿತ್ತು. ಬ್ರೌಸರಿನಲ್ಲಿ ಬೀಗದ ಚಿತ್ರ ಮಾತ್ರ ಎಂದಿನಂತೆಯೇ! ಎಲ್ಲ ಯಂತ್ರಗಳಿಗೂ ಒಂದೇ ಗುಪ್ತ ಕೀ. 2015ರ ಫೆಬ್ರವರಿಯಲ್ಲಿ ಅದರ ಪಾಸ್‌ವರ್ಡ್ ಬಯಲಾಯಿತು. ಆಮೇಲೆ ಅದೇ ವೈ-ಫೈನಲ್ಲಿ ಕೂತ ಯಾರು ಬೇಕಾದರೂ ನಕಲಿ ಸೈಟನ್ನು ಅಸಲಿ ಎಂದು ತೋರಿಸಬಹುದಿತ್ತು. ಸೂಪರ್‌ಫಿಶ್ ಅನ್‌ಇನ್‌ಸ್ಟಾಲ್ ಮಾಡಿದರೂ ಸರ್ಟಿಫಿಕೇಟ್ ಅಲ್ಲೇ ಉಳಿಯುತ್ತಿತ್ತು. 2017ರಲ್ಲಿ ಲೆನೊವೊ ಅಮೆರಿಕದ 32 ರಾಜ್ಯಗಳಿಗೆ 35 ಲಕ್ಷ ಡಾಲರ್ ಕಟ್ಟಿ ರಾಜಿ ಮಾಡಿಕೊಂಡಿತು.

ಬ್ಯಾಂಕಿನಲ್ಲಿ ಗ್ರಾಹಕರು ಲಾಕರ್ ಸರೆಂಡರ್ ಮಾಡಿದರೆ, ಬೀಗ ಬದಲಾಯಿಸಿಯೇ ಮುಂದಿನವರಿಗೆ ಕೊಡಬೇಕು. ಹಳಬರು ಸಾಮಾನು ತೆಗೆದುಕೊಂಡು ಹೋದರು ಎಂದರೆ ಸಾಲದು. ಕಂಪ್ಯೂಟರಿಗೂ ಇದೇ ನಿಯಮ ಏಕಿರಬಾರದು?

"ವಿಂಡೋಸ್ ಹೊಸದಾಗಿ ಹಾಕೋದು ದೊಡ್ಡ ತಲೆನೋವು" ಅನ್ನುತ್ತಾರೆ. ಮೈಕ್ರೋಸಾಫ್ಟ್ ಸೈಟಿನಿಂದ ಇನ್‌ಸ್ಟಾಲರ್ ಇಳಿಸಿಕೊಳ್ಳಲು 8 ಜಿಬಿ ಪೆನ್‌ಡ್ರೈವ್ ಸಾಕು, ಅದೂ ಪುಕ್ಕಟೆ. ವಿಂಡೋಸ್ ಸಮೇತ ಬಂದ ಲ್ಯಾಪ್‌ಟಾಪ್‌ಗಳಲ್ಲಿ ಲೈಸೆನ್ಸ್ ಕೀ ಸಾಮಾನ್ಯವಾಗಿ ಮದರ್‌ಬೋರ್ಡಿನಲ್ಲೇ ಇರುತ್ತದೆ. ಅದೇ ಎಡಿಶನ್ ಹಾಕಿದರೆ ಆಯಿತು. ವೈ-ಫೈ ಡ್ರೈವರ್ ಮಾತ್ರ ಮೊದಲೇ ಇಳಿಸಿಟ್ಟುಕೊಳ್ಳಿ. "ಡೇಟಾ ಹೋಗುತ್ತಲ್ಲ" ಅಂದರೆ, ಮೊದಲ ದಿನವೇ ಮಾಡಿ, ಹೋಗೋಕೆ ಏನಿರುತ್ತೆ? ರಿಸೆಟ್ ಬಟನ್ ಒತ್ತಿ ಸುಮ್ಮನಾಗಬೇಡಿ, ಕಂಪನಿಯ ಸರಂಜಾಮು ಅದರ ಜೊತೆ ವಾಪಸ್ ಬರಬಹುದು.

ಇದೂ ರಾಮಬಾಣವಲ್ಲ, ಒಪ್ಪುತ್ತೇನೆ. 2015ರಲ್ಲೇ ಅದೇ ಲೆನೊವೊದ ಇನ್ನೊಂದು ಪ್ರೋಗ್ರಾಂ ಬಯಾಸ್‌ನಲ್ಲಿ ಅಡಗಿದ್ದು, ಹೊಸ ವಿಂಡೋಸ್ ಹಾಕಿದರೂ ಮತ್ತೆ ಒಳಗೆ ಬರುತ್ತಿದ್ದುದು ಗೊತ್ತಾಯಿತು. ಅದಕ್ಕೆ ಬಯಾಸ್ ಅಪ್‌ಡೇಟೇ ಬೇಕಾಯಿತು. ಹಾಗಂತ ಕಿಟಕಿ ತೆರೆದಿರಬಹುದು ಎಂದು ಬಾಗಿಲಿಗೂ ಬೀಗ ಹಾಕದೆ ಇರುತ್ತೇವೆಯೇ?

ಪೂರ್ತಿ ದುಡ್ಡು ಕೊಟ್ಟವರೇ ಕಸ ಗುಡಿಸಬೇಕಾಗಿರುವುದು ಅನ್ಯಾಯ. ಖರೀದಿಸುವಾಗಲೇ ಅಂಗಡಿಯವನನ್ನು ಕೇಳಿ, ಕಂಪನಿಗೆ ಬರೆಯಿರಿ. ಅಲ್ಲಿಯವರೆಗೆ, ಹೊಸ ಲ್ಯಾಪ್‌ಟಾಪ್‌ನಲ್ಲಿ ನೆಟ್‌ಬ್ಯಾಂಕಿಂಗ್ ಪಾಸ್‌ವರ್ಡ್ ಹಾಕುವ ಮೊದಲು ಒಂದು ಭಾನುವಾರ ಇದಕ್ಕೆ ಎತ್ತಿಡಿ.