ಮೊದಲು ನೋವನ್ನು ನಂಬಿ

ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್ ಇರುವ ಹದಿಹರೆಯದ ಮಕ್ಕಳ ಮನೆಯವರಿಗೂ, ಶಾಲೆ–ಕಾಲೇಜಿನವರಿಗೂ ಒಂದು ಮನವಿ

ತಂದೆತಾಯಂದಿರೇ, ಅಜ್ಜ ಅಜ್ಜಿಯರೇ, ಶಿಕ್ಷಕರೇ, ಉಪನ್ಯಾಸಕರೇ,

ಹದಿನಾರು ಹದಿನೇಳರ ಮಗನಿಗೋ ಮಗಳಿಗೋ ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್, ಅಂದರೆ ಬಿಪಿಡಿ, ಇದೆಯೆಂದು ವೈದ್ಯರು ಹೇಳಿದ ದಿನ ಮನೆಯಲ್ಲಿ ಎರಡು ಬಗೆಯ ಮಾತು ಏಳುತ್ತದೆ. ‘ಕಾಯಿಲೆಯೂ ಇಲ್ಲ, ಏನೂ ಇಲ್ಲ, ಬರೀ ಹಟ, ನಾಟಕ’ ಎನ್ನುವವರು ಒಂದು ಕಡೆ. ‘ಇನ್ನು ಇದರ ಬಾಳು ಮುಗಿಯಿತು’ ಎಂದು ತಲೆ ಮೇಲೆ ಕೈ ಹೊತ್ತು ಕೂರುವವರು ಇನ್ನೊಂದು ಕಡೆ. ಎರಡೂ ತಪ್ಪು, ಎರಡರಿಂದಲೂ ಮಗುವಿಗೆ ಅಪಾಯ. ನಮ್ಮ ಮಾತು ಇಷ್ಟೇ: ಮೊದಲು ನೋವನ್ನು ನಂಬಿ, ಆಮೇಲೆ ನಡವಳಿಕೆಯನ್ನು ತಿದ್ದಿ.

ಏನಿದು ಬಿಪಿಡಿ?

ಈ ಮಕ್ಕಳಲ್ಲಿ ಭಾವನೆ ಥಟ್ಟನೆ ಏರುತ್ತದೆ, ಮಿತಿಮೀರಿ ಏರುತ್ತದೆ, ಇಳಿಯುವುದಕ್ಕೆ ಬಹಳ ಹೊತ್ತು ಹಿಡಿಯುತ್ತದೆ. ಎಲ್ಲರೂ ತನ್ನನ್ನು ಬಿಟ್ಟುಹೋಗುತ್ತಾರೆಂಬ ಭಯ. ನಿನ್ನೆ ಪ್ರಾಣಸ್ನೇಹಿತೆಯಾಗಿದ್ದವಳು ಇವತ್ತು ಶತ್ರು. ತಾನು ಯಾರೆಂಬುದರಲ್ಲೇ ಗೊಂದಲ. ಒಳಗೆಲ್ಲ ಖಾಲಿ ಖಾಲಿ. ತಡೆಯಲಾಗದ ಸಿಟ್ಟು, ದುಡುಕು. ತನ್ನ ಮೈಗೆ ತಾನೇ ಗಾಯ ಮಾಡಿಕೊಳ್ಳುವುದು. ಮನೋವೈದ್ಯರು ಬಳಸುವ ಡಿಎಸ್‌ಎಂ-5 ಕೈಪಿಡಿಯಲ್ಲಿ ಇಂಥ 9 ಲಕ್ಷಣಗಳಿವೆ. ಅವುಗಳಲ್ಲಿ ಕನಿಷ್ಠ 5 ಕಾಣಬೇಕು. 18 ತುಂಬದವರಾದರೆ ಅವು ಕನಿಷ್ಠ 1 ವರ್ಷದಿಂದ ಇರಬೇಕು. ಆದ್ದರಿಂದ ಒಂದು ಜಗಳ ನೋಡಿ ನಾವೇ ಕಾಯಿಲೆಯ ಹೆಸರಿಡುವುದು ಬೇಡ. ‘ಇನ್ನೂ ಚಿಕ್ಕವಳು, 18 ಆಗಲಿ, ನೋಡೋಣ’ ಎಂದು ದಿನ ತಳ್ಳುವುದೂ ಬೇಡ.

ಕಾರಣ ಒಂದೇ ಅಲ್ಲ. ಹುಟ್ಟಿನಿಂದ ಬಂದ ಸೂಕ್ಷ್ಮ ಸ್ವಭಾವ, ವಂಶವಾಹಿಯ ಪಾಲು, ಕೆಲವರಿಗೆ ಬಾಲ್ಯದಲ್ಲಿ ಬಿದ್ದ ಪೆಟ್ಟು, ಅತ್ತಾಗಲೆಲ್ಲ ಬಾಯಿ ಮುಚ್ಚಿಸುವ ವಾತಾವರಣ, ಇವೆಲ್ಲ ಬೇರೆ ಬೇರೆ ಪ್ರಮಾಣದಲ್ಲಿ ಸೇರಿರುತ್ತವೆ. ‘ನೀನು ಬೆಳೆಸಿದ ರೀತಿಯೇ ಸರಿಯಿಲ್ಲ’ ಎಂದು ತಾಯಿಯ ಮೇಲೆ ಗೂಬೆ ಕೂರಿಸುವವರು ದಯವಿಟ್ಟು ಸುಮ್ಮನಿರಿ. ಈಗ ಆ ತಾಯಿಯ ಕೈ ಬಲಪಡಿಸಬೇಕಾದವರು ನೀವೇ.

ಒಂದು ರಾತ್ರಿ, ಎರಡು ಉತ್ತರ

ಪಿಯುಸಿ ಓದುವ ಹುಡುಗಿ. ರಾತ್ರಿ ಹತ್ತು ಗಂಟೆ. ಗೆಳತಿ ವಾಟ್ಸಾಪ್ ಮೆಸೇಜ್ ಓದಿದ್ದಾಳೆ, ಉತ್ತರ ಕೊಟ್ಟಿಲ್ಲ. ಹುಡುಗಿ ಊಟದ ತಟ್ಟೆ ತಳ್ಳಿ, ಕೋಣೆಗೆ ಹೋಗಿ ಬಾಗಿಲು ಬಡಿದುಕೊಂಡು ಬಿಕ್ಕುತ್ತಾಳೆ: ‘ಅವಳು ನನ್ನ ಬಿಟ್ಟೇಬಿಟ್ಟಳಮ್ಮ. ನಾನು ಯಾರಿಗೂ ಬೇಡ.’

‘ಇಷ್ಟಕ್ಕೆಲ್ಲ ಯಾರಾದ್ರೂ ಅಳ್ತಾರೇನೇ? ಸುಮ್ನೆ ಎದ್ದು ಊಟ ಮಾಡು’ ಎಂದರೆ ಅವಳ ಕಿವಿಗೆ ಬೀಳುವುದು ‘ನಿನ್ನ ಸಂಕಟ ಸುಳ್ಳು’ ಎಂದು. ನಂಬಿಸಲು ಅವಳು ದನಿ ಏರಿಸುತ್ತಾಳೆ. ನಂಬದಿದ್ದರೆ ಇನ್ನೂ ಏರಿಸುತ್ತಾಳೆ. ಅರ್ಧ ಗಂಟೆಯಲ್ಲಿ ಇಡೀ ಮನೆ ರಣರಂಗ.

ಬದಲಿಗೆ ಹೀಗೆ ಹೇಳಿ ನೋಡಿ: ‘ಉತ್ತರ ಬರಲಿಲ್ಲ ಅಂತ ತುಂಬಾ ಸಂಕಟ ಆಗ್ತಿದೆ ಅಲ್ವಾ ಕಂದಾ? ನಾನು ಇಲ್ಲೇ ಕೂತಿರ್ತೀನಿ.’ ಇಷ್ಟೇ. ಉಪದೇಶ ಬೇಡ, ಪಕ್ಕದ ಮನೆಯವರ ಮಗಳ ಹೋಲಿಕೆ ಬೇಡ. ಗೆಳತಿ ನಿಜವಾಗಿ ಬಿಟ್ಟುಹೋಗಿದ್ದಾಳೆಂದು ನೀವು ಒಪ್ಪಬೇಕಿಲ್ಲ. ಸಂಕಟ ನಿಜವೆಂದು ಒಪ್ಪಿದರೆ ಸಾಕು. ಉಸಿರು ಹದಕ್ಕೆ ಬಂದ ಮೇಲೆ ‘ಅವಳು ನಿದ್ದೆ ಹೋಗಿರಬಹುದಾ?’ ಎಂದು ಕೇಳಿ. ಕಾವೇರಿದಾಗ ತರ್ಕ ಒಳಗೆ ಇಳಿಯುವುದಿಲ್ಲ.

ನಿಯಮ ಸಡಿಲಬಾರದು

ನೋವನ್ನು ನಂಬುವುದೆಂದರೆ ಕೇಳಿದ್ದೆಲ್ಲ ಕೊಡುವುದೆಂದು ತಿಳಿಯಬೇಡಿ. ‘ನಿನಗೆ ಸಿಟ್ಟು ಬಂದಿದೆ, ಬರಲಿ. ತಮ್ಮನಿಗೆ ಹೊಡೆಯೋ ಹಾಗಿಲ್ಲ’ ಎಂಬ ಎರಡು ಮಾತೂ ಒಟ್ಟಿಗೇ ಇರಲಿ. ನಿಯಮಗಳು ನಾಲ್ಕೈದೇ ಇರಲಿ. ಎಲ್ಲರೂ ಶಾಂತವಾಗಿರುವಾಗ, ಮಗುವನ್ನೂ ಕೂರಿಸಿಕೊಂಡು ಮಾಡಿಕೊಳ್ಳಿ. ಅಪ್ಪ ಬೇಡವೆಂದದ್ದಕ್ಕೆ ಅಜ್ಜಿ ಗುಟ್ಟಾಗಿ ಹೂಂ ಎನ್ನಬಾರದು. ಸಿಟ್ಟಿನ ಭರದಲ್ಲಿ ‘ಹಾಸ್ಟೆಲ್‌ಗೆ ಹಾಕ್ತೀನಿ’, ‘ಮನೆ ಬಿಟ್ಟು ಹೋಗು’ ಎಂದು ಅಪ್ಪಿತಪ್ಪಿಯೂ ಅನ್ನಬೇಡಿ. ಬಿಟ್ಟುಬಿಡುತ್ತಾರೆಂಬ ಭಯದಲ್ಲೇ ಬದುಕುವ ಮಗುವಿಗೆ ಅದಕ್ಕಿಂತ ದೊಡ್ಡ ಪೆಟ್ಟಿಲ್ಲ.

ಸಾಯುವ ಮಾತು ಬಂದರೆ

‘ಬೆದರಿಸ್ತಾಳೆ ಅಷ್ಟೇ’ ಎಂದು ಎಂದಿಗೂ ತಳ್ಳಿಹಾಕಬೇಡಿ. ‘ಸಾಯಬೇಕು ಅನ್ನಿಸ್ತಿದೆಯಾ?’ ಎಂದು ನೇರವಾಗಿ ಕೇಳಿ. ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ. ಕೇಳಿದರೆ ಮಗು ಬಾಯಿ ಬಿಡುತ್ತದೆ. ಹೊಲಕ್ಕೆ ಹೊಡೆಯುವ ಔಷಧಿ, ಮನೆಯ ಮಾತ್ರೆಗಳೆಲ್ಲ ಬೀಗದೊಳಗಿರಲಿ, ಬೀಗದ ಕೈ ದೊಡ್ಡವರ ಹತ್ತಿರವೇ ಇರಲಿ. ಆ ಹೊತ್ತಿನಲ್ಲಿ ಮಗುವನ್ನು ಒಂಟಿಯಾಗಿ ಬಿಡಬೇಡಿ.

‘ಆಸ್ಪತ್ರೆಗೆ ಹೋದರೆ ಪೊಲೀಸ್ ಕೇಸಾಗುತ್ತದೆ’ ಎಂದು ಹೆದರಿ ಹೊತ್ತು ಕಳೆಯಬೇಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು. ಅವರಿಗೆ ಆರೈಕೆ, ಚಿಕಿತ್ಸೆ ಒದಗಿಸುವುದು ಸರ್ಕಾರದ ಹೊಣೆ.

ಗುಣವಾಗುತ್ತದೆಯೇ?

ಆಗುತ್ತದೆ. ಅಮೆರಿಕದ ಮಾರ್ಷಾ ಲೈನ್‌ಹ್ಯಾನ್ 1961ರಲ್ಲಿ, 17ನೇ ವಯಸ್ಸಿನಲ್ಲಿ, ತನ್ನನ್ನೇ ಗಾಯಗೊಳಿಸಿಕೊಳ್ಳುತ್ತಿದ್ದ ಹುಡುಗಿಯಾಗಿ ಹಾರ್ಟ್‌ಫರ್ಡ್‌ನ ಮಾನಸಿಕ ಆಸ್ಪತ್ರೆ ಸೇರಿ ಎರಡು ವರ್ಷಕ್ಕೂ ಹೆಚ್ಚು ಕಾಲ ಅಲ್ಲೇ ಇದ್ದರು. ಮುಂದೆ ಮನಶ್ಶಾಸ್ತ್ರಜ್ಞೆಯಾಗಿ, ಬಿಪಿಡಿಗೆ ಇಂದು ಜಗತ್ತಿನಾದ್ಯಂತ ಬಳಸುವ ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿಯನ್ನು, ಅಂದರೆ ಡಿಬಿಟಿಯನ್ನು, ರೂಪಿಸಿದವರು ಅವರೇ. 2011ರಲ್ಲಿ ಅದೇ ಆಸ್ಪತ್ರೆಯಲ್ಲಿ ನಿಂತು ತಮ್ಮ ಕಥೆಯನ್ನು ಎಲ್ಲರೆದುರು ಹೇಳಿದರು. ಸಂಕಟವನ್ನು ತಾಳಿಕೊಳ್ಳುವುದು, ಭಾವನೆಯನ್ನು ಹದದಲ್ಲಿಡುವುದು, ಸಂಬಂಧ ಕೆಡಿಸಿಕೊಳ್ಳದೆ ಬೇಕಾದ್ದನ್ನು ಕೇಳುವುದು, ಈ ಕ್ಷಣದಲ್ಲಿ ಮನಸ್ಸು ನಿಲ್ಲಿಸುವುದು, ಇವನ್ನು ಡಿಬಿಟಿ ಪಾಠದಂತೆ ಕಲಿಸುತ್ತದೆ. ಹದಿಹರೆಯದವರ ಡಿಬಿಟಿಯಲ್ಲಿ ಅಪ್ಪ ಅಮ್ಮನೂ ಕೂತು ಕಲಿಯುತ್ತಾರೆ. ಬಿಪಿಡಿಯನ್ನೇ ವಾಸಿಮಾಡುವ ಮಾತ್ರೆ ಇಲ್ಲ. ಜೊತೆಗಿರುವ ಖಿನ್ನತೆಗೋ ನಿದ್ರಾಹೀನತೆಗೋ ವೈದ್ಯರು ಮಾತ್ರೆ ಕೊಟ್ಟಿದ್ದರೆ ನೀವಾಗಿಯೇ ನಿಲ್ಲಿಸಬೇಡಿ.

ಅಮೆರಿಕದ ಮೆಕ್ಲೀನ್ ಆಸ್ಪತ್ರೆಯಲ್ಲಿ ದಾಖಲಾಗಿದ್ದ 290 ಮಂದಿ ಬಿಪಿಡಿ ರೋಗಿಗಳನ್ನು ಮೇರಿ ಜನಾರಿನಿ ತಂಡ 10 ವರ್ಷ ಅನುಸರಿಸಿತು. ಶೇ. 93 ಮಂದಿಯಲ್ಲಿ ಕಾಯಿಲೆಯ ಲಕ್ಷಣಗಳು ಕನಿಷ್ಠ 2 ವರ್ಷ ಇಳಿದಿದ್ದವು. ಆದರೆ ಓದು–ಕೆಲಸ, ಸ್ನೇಹ–ಸಂಬಂಧ ಎಲ್ಲವನ್ನೂ ಚೆನ್ನಾಗಿ ಕೂಡಿಸಿಕೊಂಡವರು ಅರ್ಧದಷ್ಟೇ. ಲಕ್ಷಣ ಇಳಿಯುವ ಹೊತ್ತಿಗೆ ಮಗುವಿನ ಕೈಯಲ್ಲಿ ಓದು ಇರಬೇಕು, ಸ್ನೇಹಿತರಿರಬೇಕು. ಹಾಗಾಗಿ ಕಾಲೇಜು ಬಿಡಿಸಬೇಡಿ. ‘ಮದುವೆ ಮಾಡಿದರೆ ಸರಿಹೋಗುತ್ತಾಳೆ’ ಎಂಬ ಮಾತಿಗೆ ಕಿವಿಗೊಡಬೇಡಿ. 18 ತುಂಬದ ಹುಡುಗಿಯ ಮದುವೆ ಅಪರಾಧ. ತುಂಬಿದ ಮೇಲೂ ಮದುವೆ ಚಿಕಿತ್ಸೆಯಲ್ಲ. ದೇವರಿಗೆ ಹರಕೆ ಹೊರುವುದು ನಿಮ್ಮ ನಂಬಿಕೆ, ಆದರೆ ಅದಕ್ಕಾಗಿ ಚಿಕಿತ್ಸೆ ನಿಲ್ಲದಿರಲಿ.

ಶಾಲೆ–ಕಾಲೇಜಿನವರಲ್ಲಿ

ಟಿ.ಸಿ. ಕೊಟ್ಟು ಕೈತೊಳೆದುಕೊಳ್ಳಬೇಡಿ. ಮಗುವಿನ ಕೈಮೇಲಿನ ಗಾಯದ ಗುರುತನ್ನು ತರಗತಿಯೆದುರು ಎತ್ತಿ ತೋರಿಸಿ ಬೈಯಬೇಡಿ. ಸಂಕಟ ಉಕ್ಕಿದಾಗ ಹೊರಗೆ ಬಂದು ಹತ್ತು ನಿಮಿಷ ಕೂರಲು ಒಂದು ಜಾಗ, ಮಾತಾಡಿಸಲು ಗೊತ್ತಾದ ಒಬ್ಬ ಉಪನ್ಯಾಸಕರು, ಇಷ್ಟು ಮಾಡಿದರೂ ಮಗು ಪರೀಕ್ಷೆಯವರೆಗೆ ಉಳಿಯುತ್ತದೆ. 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳಲ್ಲಿ ತರಬೇತಿ ಪಡೆದ ಕೌನ್ಸೆಲರ್ ಇರಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದೆ. ‘ನಮ್ಮ ಕಾಲೇಜಿನಲ್ಲಿ ಯಾರಿದ್ದಾರೆ?’ ಎಂದು ಪೋಷಕರ ಸಭೆಯಲ್ಲಿ ಎದ್ದು ಕೇಳಿ.

ಸರ್ಕಾರದಲ್ಲಿ

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ದೇಶಕ್ಕೇ ಮಾದರಿಯಾದದ್ದು ನಮ್ಮ ಬಳ್ಳಾರಿ. ಆ ಹೆಮ್ಮೆ ಇರುವ ರಾಜ್ಯದಲ್ಲಿ ಈ ಮಕ್ಕಳ ಥೆರಪಿಗಾಗಿ ಬೀದರಿನವರೂ ಬೆಂಗಳೂರಿಗೇ ಬರಬೇಕಾದ ಸ್ಥಿತಿ ಇರಬಾರದು. ಪ್ರತಿ ಜಿಲ್ಲಾ ಆಸ್ಪತ್ರೆಯ ಸಿಬ್ಬಂದಿಗೆ ಡಿಬಿಟಿ ತರಬೇತಿ ಕೊಡಿ. ಪಾಠಗಳನ್ನು ಕನ್ನಡದಲ್ಲಿ ಅಚ್ಚುಹಾಕಿಸಿ. ಪೋಷಕರಿಗೆ ಭಾನುವಾರದ ತರಗತಿ ನಡೆಸಿ.

ಇವತ್ತೇ ಮಾಡಿ

ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ. ಇದು ಉಚಿತ, ದಿನದ 24 ಗಂಟೆ, ಕನ್ನಡದಲ್ಲೂ ಮಾತಾಡುತ್ತಾರೆ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗಕ್ಕೆ ಹೋಗಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳು ಮತ್ತು ಹದಿಹರೆಯದವರಿಗೆಂದೇ ಪ್ರತ್ಯೇಕ ವಿಭಾಗವಿದೆ. ಪ್ರಾಣಕ್ಕೆ ಅಪಾಯವೆನಿಸಿದರೆ 108 ಅಥವಾ 112. ಮಗುವನ್ನು ನೋಡಿಕೊಂಡು ನೀವೇ ಬಳಲಿದ್ದರೂ ಅದೇ 14416ಕ್ಕೆ ಕರೆ ಮಾಡಿ. ಆರೈಕೆ ಮಾಡುವವರೂ ಗಟ್ಟಿಯಾಗಿರಬೇಕು.

ಓದಿ ಮುಗಿಸಿದವರು ಈ ಕರಪತ್ರವನ್ನು ಎಸೆಯದೆ ನಿಮ್ಮ ಬೀದಿಯ ಇನ್ನೊಂದು ಮನೆಗೆ, ನಿಮ್ಮ ಮಗುವಿನ ಕ್ಲಾಸ್ ಟೀಚರಿಗೆ ತಲುಪಿಸಿ. ‘ನಾಟಕ’ ಎಂಬ ಮಾತನ್ನು ಇವತ್ತಿನಿಂದ ನಿಮ್ಮ ಮನೆಯಲ್ಲಿ ನಿಲ್ಲಿಸಿ.